ಮಹಾನಗರವಾಗಿದ್ದ ದ್ವೀಪಕ್ಕೆ ಮೂರು ದಿನದ ಹಾದಿ

ಕಾರ್ತಿಕದ ದೀಪಗಳು ಆರಿ ಮಾರ್ಗಶಿರದ ಮಂಜು ಬೀಳತೊಡಗಿತೆಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ಪ್ರಾರಂಭವಾಗುತ್ತದೆ. ಈ ಸಲದ ರಜೆಗೆ ಎಲ್ಲಿಗೆ ಹೋಗುವುದು? ಮಕ್ಕಳಿಗೆ ಮುಂಬಯಿಯ ಸಮುದ್ರ ಬೇಕು. ಯಜಮಾನರಿಗೆ ದೆಹಲಿಯ ಕೆಂಪುಕೋಟೆ ಬೇಕು, ಆದರೆ ಖರ್ಚು ಬೇಡ. ಗೃಹಿಣಿಗೆ ಮೂರು ದಿನ ಒಲೆಯ ಮುಂದೆ ನಿಲ್ಲದಿದ್ದರೆ ಅದೇ ಕಾಶೀಯಾತ್ರೆ. "ಅಷ್ಟು ದೂರ ನನ್ನ ಕೈಲಾಗದಪ್ಪ, ದೇವರ ದರ್ಶನವಾಗುವ ಕಡೆ ಎಲ್ಲಾದರೂ ಕರೆದುಕೊಂಡು ಹೋಗು" ಎಂದು ಅಜ್ಜಿ ಮೂಲೆಯಿಂದ ಹೇಳುತ್ತಾರೆ. ಹತ್ತು ದಿನ ಮಾತು ನಡೆದು, ರಜೆ ಮುಗಿದು, ಕಡೆಗೆ ಯಾರೂ ಎಲ್ಲಿಗೂ ಹೋಗುವುದಿಲ್ಲ.

ಈ ಎಲ್ಲರ ಬಯಕೆಗೂ ಒಪ್ಪುವ ಮಹಾನಗರವೊಂದು ಬೆಂಗಳೂರಿನಿಂದ ಮೂರು ಗಂಟೆಯೊಳಗಿನ ದಾರಿಯಲ್ಲಿದೆ. ಕೋಟೆಯಿದೆ, ಅರಮನೆಯಿದೆ, ಸಮುದ್ರವಲ್ಲದಿದ್ದರೂ ಸುತ್ತ ನದಿಯಿದೆ, ದೇವರಂತೂ ಮಲಗಿಯೇ ಕಾದಿದ್ದಾನೆ. ಕೊರತೆ ಒಂದೇ: ಅದು ಮಹಾನಗರವಾಗಿದ್ದದ್ದು ೧೭೯೯ನೆಯ ಇಸವಿಯವರೆಗೆ.

ಶ್ರೀರಂಗಪಟ್ಟಣವನ್ನು ೧೬೧೦ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಡೆದು ರಾಜಧಾನಿಯಾಗಿ ಮಾಡಿಕೊಂಡರು. ಮೈಸೂರಿನ ದಸರೆಯ ಮೊದಲ ವೈಭವ ನಡೆದದ್ದು ಅದೇ ವರ್ಷ, ಈ ದ್ವೀಪದಲ್ಲಿ. ಹೈದರನ ಮತ್ತು ಟಿಪ್ಪೂವಿನ ಕಾಲಕ್ಕೆ ಕೋಟೆಯೊಳಗೂ ಹೊರಗಿನ ಗಂಜಾಮಿನಲ್ಲಿಯೂ ಜನ ಕಿಕ್ಕಿರಿದಿದ್ದರು. ೧೮೦೦ರಲ್ಲಿ ಇಲ್ಲಿಗೆ ಬಂದ ಬುಕಾನನ್ನನು ಟಿಪ್ಪೂವಿನ ಕಾಲದ ಜನಸಂಖ್ಯೆಯನ್ನು ಸುಮಾರು ಒಂದೂವರೆ ಲಕ್ಷವೆಂದು ಅಂದಾಜು ಮಾಡಿದ್ದಾನೆ. ಅವನು ಬಂದಾಗ ಉಳಿದಿದ್ದವರು ಮೂವತ್ತೆರಡು ಸಾವಿರದಷ್ಟು. ಕೋಟೆ ಬಿದ್ದು ಒಂದೇ ವರ್ಷವಾಗಿತ್ತು! ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟ ತಾಳಲಾರದೆ ಇಂಗ್ಲಿಷರ ಸೈನ್ಯವೂ ೧೮೦೯ರಲ್ಲಿ ಬೆಂಗಳೂರಿಗೆ ಸಾಗಿತು. ಬೆಂಗಳೂರಿನ ದಂಡು ಪ್ರದೇಶ ಬೆಳೆದದ್ದು ಹೀಗೆ. ಒಂದು ಊರಿನ ಇಳಿಗಾಲ ಇನ್ನೊಂದಕ್ಕೆ ಏರುಗಾಲವಾಯಿತು.

ಇಂಥ ಊರಿಗೆ ಪ್ರವಾಸಿಗರು ಕೊಡುವುದು ಸಾಮಾನ್ಯವಾಗಿ ಅರ್ಧ ದಿನ. ಮೈಸೂರಿಗೆ ಹೋಗುವ ದಾರಿಯಲ್ಲಿ ಇಳಿದು, ಗುಂಬಜಿನ ಮುಂದೊಂದು ಚಿತ್ರ ತೆಗೆಸಿಕೊಂಡು, ರಂಗನಾಥನಿಗೆ ಕೈ ಮುಗಿದು ಹೊರಟುಬಿಡುತ್ತಾರೆ. ೨೦೨೩ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಅದೂ ಕಡಮೆಯಾಗುವ ಭಯವಿದೆ. ಆ ದಾರಿ ಊರಿನೊಳಕ್ಕೆ ಬಾರದೆ ಪಕ್ಕದಲ್ಲೇ ಹಾದುಹೋಗುತ್ತದೆ. ಆದುದರಿಂದ ಇಲ್ಲಿ ಸೂಚಿಸುವ ಯೋಜನೆ ಬೇರೆಯದು. ಮೂರು ದಿನ ಬೇಕು, ಮತ್ತು ಪಟ್ಟಣವನ್ನು ಕಡೆಯ ದಿನಕ್ಕೆ ಉಳಿಸಿಕೊಳ್ಳಬೇಕು. ಊರೊಂದನ್ನು ಸಾಕಿದ್ದು ಅದರ ಕೋಟೆಯೊಳಗಿನ ಅರಮನೆಯಲ್ಲ. ಸುತ್ತಣ ಸೀಮೆಯ ಕೆರೆ, ಕಾಲುವೆ, ಹೊಲ, ಹಟ್ಟಿ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರಗಳನ್ನು ಹಾದು ನೀರು ಹರಿಯುವ ಜಾಡಿನಲ್ಲಿಯೇ ಇಳಿದುಬಂದವನಿಗೆ ಶ್ರೀರಂಗಪಟ್ಟಣ ಬೇರೊಂದು ಊರಾಗಿ ಕಾಣುತ್ತದೆ.

ಕಾಲ ಮತ್ತು ಸಿದ್ಧತೆ

ಡಿಸೆಂಬರಿನ ನಡುವಿನಿಂದ ಜನವರಿಯ ಕೊನೆಯವರೆಗಿನ ದಿನಗಳು ಈ ಪ್ರವಾಸಕ್ಕೆ ಹೇಳಿ ಮಾಡಿಸಿದಂತಿವೆ. ದಸರೆಯ ನೂಕುನುಗ್ಗಲು ಮುಗಿದಿರುತ್ತದೆ. ಹಗಲು ಬಿಸಿಲು ಹಿತವಾಗಿರುತ್ತದೆ. ರಾಗಿಯ ಕುಯಿಲಾಗಿ ಕಣಗಳಲ್ಲಿ ಮೆದೆಗಳು ಎದ್ದಿರುತ್ತವೆ. ಆಲೆಮನೆಗಳಿಂದ ಬೆಲ್ಲದ ಪಾಕದ ವಾಸನೆ ರಸ್ತೆಯವರೆಗೂ ಬರುತ್ತದೆ. ಅವರೆಕಾಯಿಯ ಕಾಲವಾದ್ದರಿಂದ ಊಟಕ್ಕೆ ಹಿತಕಿದ ಬೇಳೆಯ ಸಾರು ಸಿಕ್ಕುವ ಸಂಭವ ಹೆಚ್ಚು; ರಾಗಿಮುದ್ದೆಯೊಡನೆ ಅದನ್ನು ಉಂಡವರು ಮುಂಬಯಿಯನ್ನು ಮರೆತರೆ ಆಶ್ಚರ್ಯವಿಲ್ಲ.

ಸಾಮಾನು ಹೆಚ್ಚು ಬೇಡ. ಬೆಳಗಿನ ಚಳಿಗೆ ಆಳಿಗೊಂದು ಶಾಲು, ಅಜ್ಜಿಗೆ ಎರಡು, ಕಲ್ಲುಗುಡಿಗಳ ಒಳಚಾವಣಿ ನೋಡಲು ಒಂದು ಒಳ್ಳೆಯ ಬ್ಯಾಟರಿ, ಕುಡಿಯುವ ನೀರು. ಪೂಜೆ ನಡೆಯುವ ದೇವಾಲಯಗಳ ಬಾಗಿಲು ಮಧ್ಯಾಹ್ನ ಮುಚ್ಚಿ ಸಂಜೆಗೆ ತೆರೆಯುತ್ತದೆಂಬುದನ್ನು ನೆನಪಿಟ್ಟು, ಆ ಹೊತ್ತನ್ನು ಊಟಕ್ಕೂ ಪ್ರಯಾಣಕ್ಕೂ ಇಟ್ಟುಕೊಳ್ಳುವುದು ಜಾಣತನ. ಒಂದು ಬಾಡಿಗೆಯ ಮೋಟಾರು ಇದ್ದರೆ ಸುಖ. ಬಸ್ಸನ್ನು ನಂಬಿದವರೂ ತಾಲ್ಲೂಕಿನ ಊರುಗಳನ್ನು ಸುಲಭವಾಗಿ ಮುಟ್ಟಬಹುದು. ಅಲ್ಲಿಂದ ಹಳ್ಳಿಗಳಿಗೆ ಆಟೋ ಹಿಡಿಯಬೇಕಾಗುತ್ತದೆ. ಅಂಥವರು ಪಟ್ಟಿಯಲ್ಲಿ ಒಂದೆರಡು ಸ್ಥಳ ಬಿಟ್ಟರೂ ನಷ್ಟವಿಲ್ಲ. ಅವಸರದಲ್ಲಿ ಹತ್ತು ಗುಡಿ ನೋಡುವುದಕ್ಕಿಂತ ನಾಲ್ಕನ್ನು ನಿಧಾನವಾಗಿ ನೋಡುವುದು ಲೇಸು.

ಮೊದಲ ದಿನ: ನಾಗಮಂಗಲದ ದಾರಿ

ಬೆಂಗಳೂರಿನಿಂದ ಹಾಸನದ ಹೆದ್ದಾರಿ ಹಿಡಿದು ಬೆಳ್ಳೂರು ಕ್ರಾಸಿಗೆ ಬಂದರೆ ನಾಗಮಂಗಲ ತಾಲ್ಲೂಕು. ಹತ್ತಿರದಲ್ಲೇ ನಾಥಪಂಥದ ಹಿನ್ನೆಲೆಯ ಆದಿಚುಂಚನಗಿರಿ. ಭೈರವನ ಬೆಟ್ಟವೂ ನವಿಲುಗಳ ನೆಲೆಯೂ ಹೌದು. ಆದರೆ ಮೊದಲ ಬೆಳಗು ಸಲ್ಲಬೇಕಾದದ್ದು ಕಂಬದಹಳ್ಳಿಗೆ. ಹೆಸರು ಕೊಟ್ಟ ಮಾನಸ್ತಂಭ ಮರಗಳ ಮೇಲಿನಿಂದಲೇ ಕಾಣಿಸುತ್ತದೆ. ಹತ್ತನೆಯ ಶತಮಾನದ, ಗಂಗರ ಕಾಲದ ಪಂಚಕೂಟ ಬಸದಿ ಇಲ್ಲಿದೆ. ಅದರ ಶಿಖರಗಳಲ್ಲಿ ಒಂದು ಚೌಕ, ಒಂದು ದುಂಡು, ಒಂದು ಎಂಟು ಮೂಲೆಯದು. ಶಿಲ್ಪಶಾಸ್ತ್ರದ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಭೇದವನ್ನು ಹತ್ತು ವರ್ಷದ ಹುಡುಗ ಇಲ್ಲಿ ಒಂದೇ ನೋಟದಲ್ಲಿ ಕಲಿಯುತ್ತಾನೆ. ಕೆತ್ತನೆಯ ಆಡಂಬರವಿಲ್ಲದ ಕಲ್ಲು, ಬೆಳಗಿನ ಬಿಸಿಲು, ನಿಶ್ಶಬ್ದ. ಇಷ್ಟೇ ಅಲ್ಲಿನ ಸಂಪತ್ತು.

ನಾಗಮಂಗಲದಲ್ಲಿ ಹೊಯ್ಸಳರ ಸೌಮ್ಯಕೇಶವ ದೇವಾಲಯ ಊರಿನ ನಡುವೆ ನಿಂತಿದೆ. ಮುಂದಿನ ಎತ್ತರದ ಗೋಪುರ ವಿಜಯನಗರದ ಕಾಲದ್ದು. ಲೋಹದ ವಿಗ್ರಹಗಳ ಎರಕಕ್ಕೆ ಈ ಊರು ಹೆಸರಾಗಿದೆ. ಜೇನುಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಕಾಸಿ ಮೇಣವನ್ನು ಹರಿಸಿ, ತೆರವಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುವ ಹಳೆಯ ವಿದ್ಯೆ ಇದು. ಅಚ್ಚನ್ನು ಒಡೆದೇ ವಿಗ್ರಹ ತೆಗೆಯಬೇಕಾದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ.

ರಾಜಧಾನಿಯ ಯುದ್ಧಗಳ ಬಿಸಿ ತಟ್ಟಿದ್ದು ರಾಜಧಾನಿಗಿಂತ ಮೊದಲು ಇಂಥ ಊರುಗಳಿಗೆ. ೧೭೯೨ರ ದಂಡಯಾತ್ರೆಯಲ್ಲಿ ಮರಾಠರ ಸೈನ್ಯ ನಾಗಮಂಗಲವನ್ನು ಹಾಳುಗೆಡವಿತು. ಇದೇ ಸೀಮೆಯ ಗುಡ್ಡಗಳಲ್ಲಿ ಹುಟ್ಟುವ ಲೋಕಪಾವನಿ ಎಂಬ ಪುಟ್ಟ ಹೊಳೆ, ಪಾಂಡವಪುರದ ನೆಲವನ್ನು ಹಾದು, ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಸೇತುವೆಯ ಮೇಲಿಂದ ನೋಡಿದರೆ ಅದು ಹೊಳೆಯೆಂದು ನಂಬುವುದೇ ಕಷ್ಟ. ಅದನ್ನೊಮ್ಮೆ ಮಕ್ಕಳಿಗೆ ತೋರಿಸಿಡಬೇಕು. ಮೂರನೆಯ ದಿನ ಅದು ಮತ್ತೆ ಸಿಕ್ಕುತ್ತದೆ.

ಸಂಜೆಯ ಹೊತ್ತಿಗೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ತಲಪಿದರೆ ಅಲ್ಲಿ ರಾತ್ರಿ ತಂಗಬಹುದು. ರಾಮಾನುಜರು ಹನ್ನೆರಡು ವರ್ಷ ನೆಲೆಸಿದ್ದರೆಂದು ಹೇಳುವ ಯದುಗಿರಿ ಇದು. ವೈರಮುಡಿಯ ಉತ್ಸವ ಬೇಸಗೆಯ ಬಾಗಿಲಲ್ಲಿ ಬರುವುದರಿಂದ ಆಗಿನ ಜನಸಾಗರ ಈಗಿಲ್ಲ. ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಕುಳಿತು, ಬೆಟ್ಟದ ನೆತ್ತಿಯ ಯೋಗಾನರಸಿಂಹನ ಗುಡಿಗೆ ದೀಪ ಹತ್ತುವುದನ್ನು ನೋಡುವ ಭಾಗ್ಯ ಚಳಿಗಾಲದವರದು. ಪು.ತಿ. ನರಸಿಂಹಾಚಾರ್ಯರು ೧೯೦೫ರಲ್ಲಿ ಹುಟ್ಟಿದ ಊರು ಇದು. ಅವರ ಮನೆ ಸ್ಮಾರಕವಾಗಿ ಉಳಿದಿದೆ. ಅಜ್ಜಿಗೆ ಚೆಲುವನಾರಾಯಣನ ದರ್ಶನ, ಮಕ್ಕಳಿಗೆ ಪುಳಿಯೋಗರೆ. ಮೊದಲ ದಿನವೇ ಮನೆಯ ಅರ್ಧ ಜಗಳ ತೀರುತ್ತದೆ.

ಎರಡನೆಯ ದಿನ: ಹೇಮಾವತಿಯ ಸೀಮೆ

ಮರುದಿನ ಬೆಟ್ಟವನ್ನಿಳಿದು ಪಶ್ಚಿಮಕ್ಕೆ ಹೊರಟರೆ ಕೃಷ್ಣರಾಜಪೇಟೆ. ಹಿಂದೆ ಇದರ ಹೆಸರು ಅತ್ತಿಕುಪ್ಪೆ. ಪೇಟೆಯಲ್ಲಿ ನಿಲ್ಲದೆ ಮೂರು ಕಿಲೋಮೀಟರು ಮುಂದಿನ ಹೊಸಹೊಳಲಿಗೆ ಹೋಗಬೇಕು. ಹದಿಮೂರನೆಯ ಶತಮಾನದ ನಡುವಿನ, ವೀರಸೋಮೇಶ್ವರನ ಕಾಲದ ಲಕ್ಷ್ಮೀನಾರಾಯಣ ದೇವಾಲಯ ಅಲ್ಲಿನ ಮನೆಗಳ ನಡುವೆಯೇ ಇದೆ. ತಳಪಾದಿಯ ಸುತ್ತ ಆನೆ, ಕುದುರೆ, ಬಳ್ಳಿಗಳ ಸಾಲು; ಅವುಗಳ ಮೇಲೆ ರಾಮಾಯಣ, ಭಾರತ, ಭಾಗವತಗಳ ಕಥೆ. ಕಥೆಯ ಸಾಲು ಕೈಗೆಟುಕುವ ಎತ್ತರದಲ್ಲಿದೆ; ಮಗುವನ್ನು ಎತ್ತಿಕೊಂಡು ಒಂದು ಸುತ್ತು ಬಂದ ಅಜ್ಜಿ ಪುಸ್ತಕವಿಲ್ಲದೆಯೇ ರಾಮಾಯಣವನ್ನು ಹೇಳಿ ಮುಗಿಸಬಹುದು. ಒಳಗಿನ ಕಡೆದ ಕಂಬಗಳನ್ನೂ ಮೇಲ್ಛಾವಣಿಯ ಹೂಗಳನ್ನೂ ನೋಡುವಾಗ ಬ್ಯಾಟರಿಯ ಉಪಯೋಗ ತಿಳಿಯುತ್ತದೆ. ಬೇಲೂರು ಹಳೇಬೀಡುಗಳಲ್ಲಿ ಜನರ ಹೆಗಲ ಮೇಲಿಂದ ನೋಡಬೇಕಾದ ಶಿಲ್ಪವನ್ನು ಇಲ್ಲಿ ಏಕಾಂತದಲ್ಲಿ ನೋಡಬಹುದು.

ಅಲ್ಲಿಂದ ಕಿಕ್ಕೇರಿ. ಇಲ್ಲಿನ ಬ್ರಹ್ಮೇಶ್ವರ ದೇವಾಲಯವನ್ನು ೧೧೭೧ರಲ್ಲಿ ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು. ಅರಸರ, ದಂಡನಾಯಕರ ಹೆಸರುಗಳ ನಡುವೆ ಈ ಹೆಸರು ಕಲ್ಲಿನಲ್ಲಿ ಉಳಿದಿರುವುದು ಸಂತೋಷದ ಸಂಗತಿ. ಕನ್ನಡಿಗರಿಗೆ ಕಿಕ್ಕೇರಿ ಇನ್ನೊಂದು ಕಾರಣದಿಂದಲೂ ಆಪ್ತ. ೧೯೧೫ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು ಇಲ್ಲಿ. ಅವರ 'ಮೈಸೂರು ಮಲ್ಲಿಗೆ' ೧೯೪೨ರಲ್ಲಿ ಹೊರಬಂದ ಮೇಲೆ, ಈ ಸೀಮೆಯ ಹಿತ್ತಿಲು, ಬಾವಿ, ತವರಿನ ದಾರಿಗಳನ್ನು ನೋಡದವರೂ ನೋಡಿದಂತಾಯಿತು. ಸಮಯವಿದ್ದವರು ಗೋವಿಂದನಹಳ್ಳಿಗೆ ಹೋಗಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿರುವ ಪಂಚಲಿಂಗೇಶ್ವರನನ್ನೂ ನೋಡಿಬರಬಹುದು.

ಈ ತಾಲ್ಲೂಕಿನ ಜೀವನದಿ ಹೇಮಾವತಿ. ಅದರ ಒಡ್ಡುಗಳೂ ನಾಲೆಗಳೂ ಹಲವು ಹಳ್ಳಿಗಳ ಗದ್ದೆಗೆ ನೀರುಣಿಸಿ, ಉಳಿದ ನದಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ರಥಸಪ್ತಮಿಯ ಆಸುಪಾಸಿನಲ್ಲಿ ಬಂದವರಿಗೆ ನದೀತೀರದ ಹೇಮಗಿರಿಯ ದನಗಳ ಜಾತ್ರೆ ಸಿಕ್ಕೀತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡ ಹಳ್ಳಿಕಾರ್ ಎತ್ತುಗಳ ಜೋಡಿಗಳನ್ನು ನೋಡಿದ ಪಟ್ಟಣದ ಮಕ್ಕಳು ಮೃಗಾಲಯವನ್ನು ಕೇಳುವುದಿಲ್ಲ.

ದಕ್ಷಿಣಕ್ಕೆ ತಿರುಗಿ ಚಿನಕುರಳಿಯ ಮೇಲೆ ಬರುವ ದಾರಿ ಸಾಧಾರಣವಾಗಿ ಕಾಣುತ್ತದೆ: ಕಬ್ಬು, ಗದ್ದೆ, ತೆಂಗು. ಆದರೆ ೧೭೭೧ರಲ್ಲಿ ಹೈದರನ ಸೈನ್ಯವನ್ನು ಮರಾಠರು ಚೆಲ್ಲಾಪಿಲ್ಲಿ ಮಾಡಿದ್ದು ಈ ಊರಿನ ಸುತ್ತಿನಲ್ಲಿ. ಅಂದು ರಕ್ತ ಬಿದ್ದ ನೆಲದಲ್ಲಿ ಇಂದು ಕಬ್ಬಿನ ಗಾಡಿಗಳು ಸಾಲುಗಟ್ಟುತ್ತವೆ.

ಮಧ್ಯಾಹ್ನದ ಬಿಸಿಲು ಇಳಿಯುವಾಗ ಹೊಸ ಕನ್ನಂಬಾಡಿಯಲ್ಲಿರಬೇಕು. ಕೃಷ್ಣರಾಜಸಾಗರದ ಕಟ್ಟೆ ೧೯೧೧ರಲ್ಲಿ ಆರಂಭವಾಗಿ, ವಿಶ್ವೇಶ್ವರಯ್ಯನವರ ಹಠದಿಂದ ಮೇಲೆದ್ದು, ಇಪ್ಪತ್ತು ವರ್ಷಗಳ ತರುವಾಯ ಮುಗಿದಾಗ ಹಳೆಯ ಕನ್ನಂಬಾಡಿಯ ಊರು ನೀರಿನಡಿ ಸೇರಿತು. ಅಲ್ಲಿನ ವೇಣುಗೋಪಾಲನ ಹೊಯ್ಸಳ ದೇವಾಲಯ, ಬರ ಬಂದು ನೀರಿಳಿದ ವರ್ಷಗಳಲ್ಲಿ ಮಾತ್ರ ತಲೆ ತೋರಿಸುತ್ತಿತ್ತು. ಆ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ದಡದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಮಂಡ್ಯದ ಒಣನೆಲ ಹಸಿರಾದದ್ದು ಈ ನೀರಿನಿಂದ. ದೇವರನ್ನು ಎತ್ತಿ ತರಲು ಸಾಧ್ಯವಾಯಿತು. ಮುಳುಗಿದ ಮನೆಗಳ ಅಂಗಳಗಳನ್ನು ತರುವುದು ಯಾರಿಂದ ಸಾಧ್ಯ? ಹಿನ್ನೀರಿನ ದಡದಲ್ಲಿ ಸೂರ್ಯಾಸ್ತವನ್ನು ನೋಡುವವರು ಈ ಎರಡು ಮಾತನ್ನೂ ಒಟ್ಟಿಗೆ ನೆನೆಯುವುದು ಒಳ್ಳೆಯದು. ರಾತ್ರಿ ಪಾಂಡವಪುರದಲ್ಲಿ ತಂಗಬಹುದು.

ಮೂರನೆಯ ದಿನ: ತೊಣ್ಣೂರಿನಿಂದ ಪಟ್ಟಣಕ್ಕೆ

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪೂಗಳ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳ ಬಿಡಾರ ಇಲ್ಲಿದ್ದುದರಿಂದ ಇಂಗ್ಲಿಷರ ನಕ್ಷೆಗಳಲ್ಲಿ ಇದು 'ಫ್ರೆಂಚ್ ರಾಕ್ಸ್' ಆಗಿತ್ತು. ಕುಂತಿಬೆಟ್ಟದ ಅವಳಿ ಬಂಡೆಗಳನ್ನು ನೋಡಿದವರಿಗೆ ಆ ಹೆಸರೂ ತಿಳಿಯುತ್ತದೆ, ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿದ್ದರೆಂಬ ನಂಬಿಕೆಯೂ ಅರ್ಥವಾಗುತ್ತದೆ.

ಬೆಳಗಿನ ಜಾವ ಕೆರೆತೊಣ್ಣೂರಿಗೆ ಹೋಗಬೇಕು. ಬೆಟ್ಟಗಳ ನಡುವಿನ ಕಣಿವೆಗೆ ಏರಿ ಹಾಕಿ ನಿಲ್ಲಿಸಿದ ಈ ಕೆರೆ ರಾಮಾನುಜರ ಕಾಲದ್ದೆಂಬುದು ಐತಿಹ್ಯ. ನೀರಿನ ತಿಳಿಯನ್ನು ಕಂಡು ೧೭೪೬ರಲ್ಲಿ ನಾಸಿರ್ ಜಂಗನು 'ಮೋತಿ ತಲಾಬ್', ಎಂದರೆ ಮುತ್ತಿನ ಕೆರೆ, ಎಂದು ಕರೆದನಂತೆ. ಮಾಗಿಯ ಮಂಜು ನೀರಿನ ಮೇಲಿಂದ ಎದ್ದು ಬೆಟ್ಟದ ಹೆಗಲೇರುವ ಹೊತ್ತಿನಲ್ಲಿ ಆ ಹೆಸರಿನ ಬಗೆಗೆ ವಾದ ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ. ಊರಿನ ನಂಬಿನಾರಾಯಣನ ಗುಡಿಯನ್ನು ನೋಡಿ, ಒಂಬತ್ತರೊಳಗೆ ಶ್ರೀರಂಗಪಟ್ಟಣದ ಹಾದಿ ಹಿಡಿಯಬಹುದು.

ಈಗ ದ್ವೀಪ ಎದುರಾಗುತ್ತದೆ. ಮೊದಲು ರಂಗನತಿಟ್ಟು. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ೧೬೪೦ರ ದಶಕದಲ್ಲಿ, ಕಾವೇರಿಗೆ ಕಟ್ಟಿದ ಒಡ್ಡಿನಿಂದ ಈ ನಡುಗಡ್ಡೆಗಳು ರೂಪುಗೊಂಡವು. ಕಟ್ಟಿದ್ದು ಗದ್ದೆಗೆ, ಬಂದು ನೆಲೆಸಿದ್ದು ಹಕ್ಕಿ. ಸಲೀಂ ಅಲಿಯವರ ಒತ್ತಾಯದಿಂದ ೧೯೪೦ರಲ್ಲಿ ಇದು ಪಕ್ಷಿಧಾಮವಾಯಿತು. ೨೦೨೨ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ದೋಣಿಯ ಮೇಲೆ ಕುಳಿತವರಿಗೆ ಬಣ್ಣದ ಕೊಕ್ಕರೆಗಳೂ, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳೂ ತೀರ ಹತ್ತಿರದಿಂದ ಕಾಣುತ್ತವೆ.

ಅನಂತರ ಕೋಟೆ. ಒಂಬತ್ತನೆಯ ಶತಮಾನದ ಕೊನೆಗೆ ಆರಂಭವಾದ ರಂಗನಾಥನ ಆಲಯ ಗಂಗ, ಹೊಯ್ಸಳ, ವಿಜಯನಗರ, ಮೈಸೂರುಗಳನ್ನು ಕಂಡು ಇಂದಿಗೂ ನಿತ್ಯಪೂಜೆಯಲ್ಲಿದೆ. ಸಂಕ್ರಾಂತಿಯ ಸಂಜೆ ಇಲ್ಲಿ ಲಕ್ಷದೀಪೋತ್ಸವ. ಅದರ ಎದುರಿಗೇ ಇದ್ದ ಟಿಪ್ಪೂವಿನ ಲಾಲ್ ಮಹಲ್ ಅರಮನೆಯಲ್ಲಿ ಉಳಿದಿರುವುದು ತಳಪಾಯದ ಗುರುತು ಮಾತ್ರ. ಅದರ ತೊಲೆಗಳು ನೀಲಗಿರಿ ಬೆಟ್ಟ ಹತ್ತಿ ಉದಕಮಂಡಲದ ಸೇಂಟ್ ಸ್ಟೀಫನ್ ಇಗರ್ಜಿಗೆ ಚಾವಣಿಯಾದವು. ಹತ್ತಿರದಲ್ಲೇ ಎರಡು ಮಿನಾರುಗಳ ಜುಮ್ಮಾ ಮಸೀದಿ, ಕತ್ತಲೆಯ ಸೆರೆಮನೆ, ೧೭೯೯ರ ಮೇ ೪ರಂದು ಟಿಪ್ಪೂವಿನ ಶವ ಸಿಕ್ಕಿದ ಸ್ಥಳದ ಕಲ್ಲು. ಇಷ್ಟನ್ನೂ ನಡೆದೇ ನೋಡಬೇಕು. ನಡೆದವರಿಗೆ ಮಾತ್ರ ಆ ಜನಸಂದಣಿ ಎಲ್ಲಿತ್ತು, ಈಗ ಎಷ್ಟು ಬಯಲು ಎಂಬುದು ಅರಿವಾಗುತ್ತದೆ.

ಕೋಟೆಯ ಹೊರಗೆ ದರಿಯಾ ದೌಲತ್. ಹೆಚ್ಚಾಗಿ ತೇಗದ ಮರದಿಂದ ೧೭೮೪ರಲ್ಲಿ ಕಟ್ಟಿದ ಬೇಸಗೆಯರಮನೆ. ಇಲ್ಲಿನ ಪಡುವಣ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರು ಕಾಳಗದ ಚಿತ್ರವಿದೆ: ಆನೆ ಕುದುರೆಗಳ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಕರ್ನಲ್ ಬೇಲಿ, ಸೋಲುತ್ತಿರುವ ಇಂಗ್ಲಿಷ್ ಪಡೆ. ಕೋಟೆ ಬಿದ್ದ ಮೇಲೆ ಇಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿಯೂ, ಅರ್ಧ ಶತಮಾನದ ತರುವಾಯ ಡಾಲ್‌ಹೌಸಿಯೂ ಈ ಚಿತ್ರವನ್ನು ಅಳಿಸದೆ ಮತ್ತೆ ಬರೆಸಿದರು. ತಮ್ಮ ಸೋಲನ್ನು ತಾವೇ ಬಣ್ಣ ಹಚ್ಚಿ ಉಳಿಸಿದ ವಿಜಯಿಗಳ ಉದಾಹರಣೆ ಚರಿತ್ರೆಯಲ್ಲಿ ಅಪರೂಪ. ಗುಂಬಜಿನಲ್ಲಿ ಹೈದರ್, ಅವನ ಪತ್ನಿ ಮತ್ತು ಟಿಪ್ಪೂ ಒಂದೇ ಗುಮ್ಮಟದಡಿ ಮಲಗಿದ್ದಾರೆ. ದಂತದ ಕುಸುರಿಯ ಕರಿಮರದ ಬಾಗಿಲುಗಳು ಡಾಲ್‌ಹೌಸಿ ಕೊಟ್ಟವು.

ಸಂಗಮದ ಸಂಜೆ

ಕರಿಘಟ್ಟದ ಮೇಲೇರಿ ಶ್ರೀನಿವಾಸನಿಗೆ ಕೈ ಮುಗಿದು ತಿರುಗಿದರೆ ಇಡೀ ದ್ವೀಪ ಕಣ್ಣೆದುರಿಗಿದೆ. ಕೆಳಗೆ ಮೊದಲ ದಿನ ನೋಡಿದ ಲೋಕಪಾವನಿ ಬಂದು ಕಾವೇರಿಯಲ್ಲಿ ಸೇರುತ್ತಿದೆ. ಹೇಮಾವತಿ ಆಗಲೇ ಕಟ್ಟೆಯ ಹಿಂದೆ ಬೆರೆತಾಗಿದೆ. ನಾಗಮಂಗಲದ ಮಳೆ, ಕೃಷ್ಣರಾಜಪೇಟೆಯ ನದಿ, ಪಾಂಡವಪುರದ ಕೆರೆಕಟ್ಟೆ, ಎಲ್ಲವೂ ಈ ದ್ವೀಪದ ಪಕ್ಕದಲ್ಲಿ ಹಾಯುತ್ತವೆ. ಮೂರು ದಿನ ತಿರುಗಿದವನಿಗೆ ರಾಜಧಾನಿ ಏಕೆ ಇಲ್ಲಿ ಎದ್ದಿತೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಒಂದು ವರ್ಷದಲ್ಲಿ ಲಕ್ಷ ಜನ ಅದನ್ನು ತೊರೆದುಹೋದರೂ ಸುತ್ತಣ ಹಳ್ಳಿಗಳು ಉತ್ತು ಬಿತ್ತುವುದನ್ನು ಬಿಡಲಿಲ್ಲವೆಂಬುದೂ ಕಾಣುತ್ತದೆ.

ದ್ವೀಪದ ಮೂಡಣ ತುದಿಯ ಸಂಗಮದಲ್ಲಿ ಕವಲೊಡೆದ ಕಾವೇರಿ ಮತ್ತೆ ಒಂದಾಗಿ ಶಿವನಸಮುದ್ರದ ಕಡೆಗೆ ಹೊರಡುತ್ತಾಳೆ. ಆ ನೀರಿನಲ್ಲಿ ಒಂದು ಪಾಲನ್ನು ೧೯೭೪ರಿಂದ ಮಳವಳ್ಳಿಯ ತೊರೆಕಾಡನಹಳ್ಳಿಯಲ್ಲಿ ಎತ್ತಿ, ನೂರು ಕಿಲೋಮೀಟರು ಕೊಳವೆಗಳಲ್ಲಿ ಹರಿಸಿ, ಬೆಂಗಳೂರಿಗೆ ಕುಡಿಸುತ್ತಿದ್ದಾರೆ. ಇಂದಿನ ಮಹಾನಗರವನ್ನೂ ಹಳೆಯ ಮಹಾನಗರದ ನೀರೇ ಸಾಕುತ್ತಿದೆ.

ರಾತ್ರಿ ಮನೆ ಸೇರಿ, ಬೀಗ ತೆಗೆದು, ಮಕ್ಕಳು ಕಾಲು ತೊಳೆಯಲು ನಲ್ಲಿ ತಿರುಗಿಸುವಾಗ, "ಇದು ನಾವು ಮೊನ್ನೆ ಕಂಡ ಹೊಳೆಯ ನೀರೇನಜ್ಜಿ?" ಎಂದು ಕೇಳಿದರೆ ಪ್ರವಾಸ ಸಾರ್ಥಕವಾಯಿತೆಂದೇ ತಿಳಿಯಬೇಕು. "ಹೌದು ಮಗು, ಸಣ್ಣಗೆ ಬಿಡು" ಎಂದು ಅಜ್ಜಿ ಹೇಳುತ್ತಾರೆ.